ಕಾರವಾರದ ‘ಗೂಢಚಾರಿ ರಣಹದ್ದು’: ಮೈಮೇಲಿನ ಯಂತ್ರ ಯಾವುದು, ಅದು ಇಲ್ಲಿಗೆ ಬಂದದ್ದು ಯಾಕೆ?

ದೊಡ್ಡ ಹಕ್ಕಿಯೊಂದು ನೆಲದ ಮೇಲೆ ಕೂತಿದೆ. ಅದರ ಮೈಮೇಲೆ ಪುಟ್ಟ ಯಂತ್ರ, ಕಾಲಿಗೆ ಬಳೆಯಂಥ ಪಟ್ಟಿ. ಜತೆಗೆ ಒಂದು ಸಾಲು: “ಶತ್ರು ದೇಶದ ಗೂಢಚಾರಿ ಹಕ್ಕಿ, ಎಲ್ಲರಿಗೂ ತಲುಪಿಸಿ.” ಇಂಥ ಫೋಟೊ, ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಉಡುಪಿ, ಕಾಪು, ಕಾರ್ಕಳದ ಕಡೆ ಈಗ ರಣಹದ್ದನ್ನು ಕಣ್ಣಾರೆ ಕಂಡವರು ಕಡಿಮೆ. ಹಾಗಾಗಿ ಇಂಥ ಸುದ್ದಿಯನ್ನು ನಂಬುವುದೂ ಸುಲಭ, ಮುಂದಕ್ಕೆ ಕಳಿಸುವುದೂ ಸುಲಭ.

ಈ ಬರಹದಲ್ಲಿ ಆ ಹಕ್ಕಿ ಯಾವುದು, ಯಂತ್ರ ಕಟ್ಟಿದವರು ಯಾರು, ರಣಹದ್ದುಗಳನ್ನು ಪಂಜರದಲ್ಲಿ ಸಾಕಿ ಮತ್ತೆ ಕಾಡಿಗೆ ಬಿಡುವುದು ಯಾಕೆ, ಇದಕ್ಕೂ ನಮ್ಮ ಹಟ್ಟಿಯ ದನಕ್ಕೂ ಏನು ಸಂಬಂಧ ಎಂಬುದನ್ನು ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಕಾರವಾರದಲ್ಲಿ ಕಂಡ ಹಕ್ಕಿ ಗೂಢಚಾರಿ ಅಲ್ಲ. ಅದು ಮಹಾರಾಷ್ಟ್ರದ ತಾಡೋಬಾ ಹುಲಿ ಸಂರಕ್ಷಿತ ಪ್ರದೇಶದಲ್ಲಿ ನಡೆಯುತ್ತಿರುವ ರಣಹದ್ದು ಯೋಜನೆಗೆ ಸೇರಿದ ಹಕ್ಕಿ.
• ಮೈಮೇಲಿದ್ದದ್ದು ಜಿಪಿಎಸ್ ಸಾಧನ. ಹಕ್ಕಿ ಎಲ್ಲಿದೆ ಎಂದು ತಿಳಿಸುವುದು ಅದರ ಕೆಲಸ.
• ನಮ್ಮ ದೇಶದಲ್ಲಿ ರಣಹದ್ದುಗಳು ಅಳಿವಿನಂಚಿಗೆ ಬರಲು ಮುಖ್ಯ ಕಾರಣ ದನಗಳಿಗೆ ಕೊಡುತ್ತಿದ್ದ ನೋವಿನ ಔಷಧಿ ಡೈಕ್ಲೋಫೆನಾಕ್.
• ರಣಹದ್ದು ಹೋದರೆ ಹೋಯಿತು ಎನ್ನುವಂತಿಲ್ಲ. ಅದರ ಪೆಟ್ಟು ಮನುಷ್ಯರಿಗೂ ಬಿದ್ದಿದೆ.

ಕಾರವಾರದಲ್ಲಿ ನಡೆದದ್ದೇನು?

2024ರ ನವೆಂಬರ್‌ನಲ್ಲಿ ಕಾರವಾರದ ಕೋಡಿಬಾಗ ಭಾಗದಲ್ಲಿ ರಣಹದ್ದೊಂದು ಕಾಣಿಸಿಕೊಂಡಿತು. ಮೈಮೇಲೆ ಎಲೆಕ್ಟ್ರಾನಿಕ್ ಸಾಧನ ಇದ್ದದ್ದರಿಂದ ಜನರಿಗೆ ಅನುಮಾನ ಬಂತು. ಅನುಮಾನಕ್ಕೆ ಜಾಗವೂ ಕಾರಣ. ಕಾರವಾರದಲ್ಲಿ ನೌಕಾನೆಲೆ ಇದೆ, ಅದೇ ತಾಲ್ಲೂಕಿನ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಇದೆ. ಅಧಿಕಾರಿಗಳು ಪರಿಶೀಲಿಸಿದಾಗ ಅದು ತಾಡೋಬಾ-ಅಂಧಾರಿ ಹುಲಿ ಸಂರಕ್ಷಿತ ಪ್ರದೇಶದ ಸಂಶೋಧನೆಗೆ ಸೇರಿದ ಹಕ್ಕಿ ಎಂದು ಗೊತ್ತಾಯಿತು.

ತಾಡೋಬಾ ಇರುವುದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ. ಅಲ್ಲಿಂದ ಕಾರವಾರಕ್ಕೆ ನೇರ ಗೆರೆ ಎಳೆದರೆ ಸುಮಾರು 800 ಕಿಲೋಮೀಟರ್. “ಅಷ್ಟು ದೂರದಿಂದ ಹಕ್ಕಿ ತಾನಾಗಿ ಬರುತ್ತದೆಯೇ?” ಎಂದು ಕೇಳಬಹುದು. ಖಂಡಿತ ಬರುತ್ತದೆ. ರಣಹದ್ದು ರೆಕ್ಕೆ ಬಡಿದು ಹಾರುವುದಕ್ಕಿಂತ ತೇಲುವುದೇ ಹೆಚ್ಚು. ಬಿಸಿಲಿಗೆ ನೆಲ ಕಾದು ಮೇಲೇಳುವ ಬಿಸಿಗಾಳಿಯಲ್ಲಿ ಸುತ್ತುತ್ತಾ ಎತ್ತರಕ್ಕೆ ಏರುತ್ತದೆ, ಅಲ್ಲಿಂದ ಜಾರುತ್ತಾ ಮುಂದಕ್ಕೆ ಹೋಗುತ್ತದೆ. ಹೀಗೆ ಹೆಚ್ಚು ಶಕ್ತಿ ಖರ್ಚಿಲ್ಲದೆ ಒಂದೇ ದಿನದಲ್ಲಿ 100 ಕಿಲೋಮೀಟರಿಗೂ ಹೆಚ್ಚು ಹೋಗಬಲ್ಲದು. ತಾಡೋಬಾದಲ್ಲಿ ಬಿಟ್ಟ ಹಕ್ಕಿಗಳಲ್ಲೊಂದು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳನ್ನು ದಾಟಿ, ಸುಮಾರು 4,000 ಕಿಲೋಮೀಟರ್ ಸುತ್ತಿ, 2024ರ ಕೊನೆಯ ಹೊತ್ತಿಗೆ ತಮಿಳುನಾಡಿನ ಪುದುಕೋಟೆ ಜಿಲ್ಲೆಯನ್ನು ತಲುಪಿತ್ತು.

ಆ ಯಂತ್ರ ಏನು ಮಾಡುತ್ತದೆ?

ಅದು ಕೆಲವು ಹತ್ತು ಗ್ರಾಂ ತೂಕದ, ಸೌರಶಕ್ತಿಯಿಂದ ನಡೆಯುವ ಜಿಪಿಎಸ್ ಸಾಧನ. ನಿಮ್ಮ ಮೊಬೈಲಿನ ಮ್ಯಾಪ್ ನೀವಿರುವ ಜಾಗ ತೋರಿಸುತ್ತದಲ್ಲ, ಹಾಗೆಯೇ ಇದು ಹಕ್ಕಿ ಇರುವ ಜಾಗವನ್ನು ಆಗಾಗ ದಾಖಲಿಸಿ ಮೊಬೈಲ್ ಜಾಲ ಅಥವಾ ಉಪಗ್ರಹದ ಮೂಲಕ ಸಂಶೋಧಕರಿಗೆ ಕಳಿಸುತ್ತದೆ. ಹಕ್ಕಿಯ ಮೈತೂಕದ ಶೇ. 3ನ್ನು ಸಾಧನದ ತೂಕ ಮೀರಬಾರದು ಎಂಬುದು ಸಂಶೋಧಕರು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. 5 ಕಿಲೋ ತೂಗುವ ಹಕ್ಕಿಗೆ ಇದು 150 ಗ್ರಾಂ ಆಯಿತು. ನಿಜವಾದ ಸಾಧನ ಅದಕ್ಕಿಂತ ಎಷ್ಟೋ ಹಗುರ.

ಇದರಿಂದ ಸಿಗುವ ಮಾಹಿತಿ ಬಹಳ ಬೆಲೆಯುಳ್ಳದ್ದು. ಹಕ್ಕಿ ಎಲ್ಲಿ ಆಹಾರ ಹುಡುಕುತ್ತದೆ, ಯಾವ ಮರದಲ್ಲಿ ರಾತ್ರಿ ಕಳೆಯುತ್ತದೆ ಎಂದು ತಿಳಿಯುತ್ತದೆ. ಒಂದೇ ಜಾಗದಲ್ಲಿ ಅಲುಗಾಡದೆ ಉಳಿದರೆ ಸಿಬ್ಬಂದಿ ಹುಡುಕಿಕೊಂಡು ಹೋಗಬಹುದು. ಸತ್ತಿದ್ದರೆ ಬೇಗ ಸಿಕ್ಕ ದೇಹದಿಂದ ಸಾವಿನ ಕಾರಣ ಪತ್ತೆಯಾಗುತ್ತದೆ. ಕರೆಂಟ್ ತಂತಿಯೋ, ವಿಷವೋ, ಔಷಧಿಯೋ, ಹಸಿವೆಯೋ ಎಂದು ಗೊತ್ತಾಗದೆ ಮುಂದಿನ ಹಕ್ಕಿಯನ್ನು ಉಳಿಸುವುದು ಹೇಗೆ?

ಹಕ್ಕಿಯ ಮೇಲೆ ಗೂಢಚಾರಿಕೆಯ ಅನುಮಾನ ನಮ್ಮಲ್ಲಷ್ಟೇ ಅಲ್ಲ. 2011ರ ಜನವರಿಯಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಪಟ್ಟಿ ಇದ್ದ ರಣಹದ್ದೊಂದು ಸೌದಿ ಅರೇಬಿಯಾಕ್ಕೆ ಹಾರಿಹೋಗಿ, ಇಸ್ರೇಲಿನ ಗೂಢಚಾರಿ ಎಂಬ ಆರೋಪದಲ್ಲಿ ಸಿಕ್ಕಿಬಿದ್ದಿತ್ತು. ಅದೂ ಸಂಶೋಧನೆಯ ಹಕ್ಕಿಯೇ.

ಇನ್ನೊಂದು ಹಳೆಯ ಫಾರ್ವರ್ಡ್: “ಕೇರಳದಲ್ಲಿ ಜಟಾಯು ಪತ್ತೆ”

ಬೆಟ್ಟದ ತುದಿಯಲ್ಲಿ ಭಾರೀ ಹಕ್ಕಿಯೊಂದು ರೆಕ್ಕೆ ಬಿಚ್ಚಿ, ಜನ ನೋಡುತ್ತಿರುವಂತೆಯೇ ಹಾರಿಹೋಗುವ ವಿಡಿಯೊ ಹಲವು ವರ್ಷಗಳಿಂದ ಸುತ್ತುತ್ತಿದೆ. “ರಾಮಾಯಣದ ಜಟಾಯು ಕೇರಳದ ಕಾಡಿನಲ್ಲಿ ಕಾಣಿಸಿಕೊಂಡಿದೆ” ಎಂಬುದು ಅದರ ಜತೆಗಿನ ಬರಹ. ಅದು ದಕ್ಷಿಣ ಅಮೆರಿಕದ ಆಂಡಿಯನ್ ಕಾಂಡೋರ್. ಅರ್ಜೆಂಟೀನಾದಲ್ಲಿ ಚಿಕಿತ್ಸೆ ಪಡೆದು ಚೇತರಿಸಿಕೊಂಡ ಹಕ್ಕಿಯನ್ನು 2014ರಲ್ಲಿ ಕಾಡಿಗೆ ಬಿಟ್ಟಾಗ ತೆಗೆದ ವಿಡಿಯೊ. ಕಾಂಡೋರ್ ನಮ್ಮ ದೇಶದ ಹಕ್ಕಿಯೇ ಅಲ್ಲ.

ಹಾಗಂತ ಜಟಾಯುವಿನ ಕತೆಯನ್ನು ನೆನೆಯುವುದರಲ್ಲಿ ತಪ್ಪಿಲ್ಲ. ಹರಿಯಾಣದ ಪಿಂಜೋರಿನಲ್ಲಿರುವ ರಣಹದ್ದು ಸಂತಾನೋತ್ಪತ್ತಿ ಕೇಂದ್ರಕ್ಕೆ ಇಟ್ಟಿರುವ ಹೆಸರೂ ಜಟಾಯು. ರಾಮಾಯಣದ ಹಕ್ಕಿಗೆ ಕೈಮುಗಿಯುವ ನಾವು, ನಮ್ಮದೇ ಆಕಾಶದ ರಣಹದ್ದನ್ನು ಅಪಶಕುನ ಎಂದು ಓಡಿಸುವುದು ಮಾತ್ರ ವಿಚಿತ್ರ.

ನಮ್ಮ ಊರಿನಲ್ಲಿ ಕಾಣುವ ಹದ್ದು ರಣಹದ್ದಲ್ಲವೇ?

ಹೆಚ್ಚಾಗಿ ಅಲ್ಲ. ಮಲ್ಪೆ ಬಂದರಿನಲ್ಲಿ ಮೀನಿಗಾಗಿ ಸುತ್ತುವ, ಮಣಿಪಾಲದ ಆಕಾಶದಲ್ಲಿ ತೇಲುವ ಹಕ್ಕಿಗಳು ಬೇರೆ. ಗುರುತಿಸುವುದು ಹೀಗೆ:

• ಗರುಡ: ಇಟ್ಟಿಗೆ ಬಣ್ಣದ ಮೈ, ಬಿಳಿ ತಲೆ, ಬಿಳಿ ಎದೆ. ಚಿಕ್ಕ ಹಕ್ಕಿ.
• ಹದ್ದು: ಕಂದು ಬಣ್ಣ, ಬಾಲದ ತುದಿ ಕವಲೊಡೆದಂತೆ. ಪೇಟೆಯಲ್ಲಿ ಇದೇ ಹೆಚ್ಚು.
• ಬಿಳಿ ಹೊಟ್ಟೆಯ ಕಡಲ ಹದ್ದು: ದೊಡ್ಡದು. ರೆಕ್ಕೆ ಬೂದು, ಹೊಟ್ಟೆ ಮತ್ತು ತಲೆ ಅಚ್ಚ ಬಿಳಿ. ಕರಾವಳಿಯಲ್ಲಿ “ರಣಹದ್ದು ಬಂತು” ಎಂದು ಜನ ಮೋಸಹೋಗುವುದು ಇದನ್ನು ನೋಡಿಯೇ.
• ಬಿಳಿ ಬೆನ್ನಿನ ರಣಹದ್ದು: ಕಪ್ಪು-ಕಂದು ಮೈ, ಬೆನ್ನಿನ ಕೆಳಭಾಗದಲ್ಲಿ ಬಿಳಿ ಪಟ್ಟೆ, ರೆಕ್ಕೆಯಡಿಯ ಮುಂಭಾಗ ಬಿಳಿ, ಗರಿಯಿಲ್ಲದ ಉದ್ದ ಕತ್ತು, ಮೋಟು ಬಾಲ. ರೆಕ್ಕೆ ಬಿಚ್ಚಿದರೆ 2 ಮೀಟರಿಗೂ ಹೆಚ್ಚು ಅಗಲ.

ಭಾರತದಲ್ಲಿ ಒಟ್ಟು 9 ಬಗೆಯ ರಣಹದ್ದುಗಳಿವೆ. ಅವುಗಳಲ್ಲಿ ಬಿಳಿ ಬೆನ್ನಿನ, ಉದ್ದ ಕೊಕ್ಕಿನ, ಸಪೂರ ಕೊಕ್ಕಿನ ಮತ್ತು ಕೆಂಪು ತಲೆಯ ರಣಹದ್ದುಗಳು ತೀವ್ರ ಅಳಿವಿನಂಚಿನಲ್ಲಿವೆ. ಬಿಳಿ ರಣಹದ್ದು ಎಂದು ಕರೆಯುವ ಈಜಿಪ್ಟಿಯನ್ ರಣಹದ್ದೂ ಅಪಾಯದಲ್ಲಿದೆ.

ಇಷ್ಟೊಂದು ಇದ್ದ ಹಕ್ಕಿ ಎಲ್ಲಿಗೆ ಹೋಯಿತು?

ಬಿಳಿ ಬೆನ್ನಿನ ರಣಹದ್ದು ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿದ್ದ ದೊಡ್ಡ ಬೇಟೆಹಕ್ಕಿಗಳ ಸಾಲಿಗೆ ಸೇರಿತ್ತು. 1990ರ ದಶಕದಲ್ಲಿ ರಾಜಸ್ಥಾನದ ಭರತಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ಅಧ್ಯಯನ ಮಾಡುತ್ತಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶ್ ಅವರಿಗೆ ಗೂಡುಗಳು ಖಾಲಿಯಾಗುತ್ತಿರುವುದು ಕಂಡಿತು. ಹಕ್ಕಿಗಳು ಕತ್ತು ಜೋತುಹಾಕಿ ಕೂತಲ್ಲೇ ಸಾಯುತ್ತಿದ್ದವು. 1992ರಿಂದ 2007ರೊಳಗೆ ದೇಶದಲ್ಲಿ ಬಿಳಿ ಬೆನ್ನಿನ ರಣಹದ್ದು ಶೇ. 99.9ರಷ್ಟು ಕಡಿಮೆಯಾಯಿತು. ಅಂದರೆ 1,000 ಹಕ್ಕಿ ಇದ್ದ ಕಡೆ ಉಳಿದದ್ದು 1. ಉದ್ದ ಕೊಕ್ಕಿನ ಮತ್ತು ಸಪೂರ ಕೊಕ್ಕಿನ ರಣಹದ್ದುಗಳು ಸುಮಾರು ಶೇ. 97ರಷ್ಟು ಇಲ್ಲವಾದವು.

ಮೊಬೈಲ್ ಟವರ್, ಗೊಬ್ಬರ, ಯಾವುದೋ ವೈರಸ್ ಎಂದು ನೂರೆಂಟು ಕಾರಣ ಕೇಳಿಬಂದವು. ವಿಜ್ಞಾನಿಗಳೂ ಮೊದಲು ಸೋಂಕುರೋಗವೇ ಇರಬೇಕೆಂದು ಹುಡುಕಿದರು. ಉತ್ತರ ಸಿಕ್ಕಿದ್ದು ಪಾಕಿಸ್ತಾನದಲ್ಲಿ. ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಸತ್ತ ಹಕ್ಕಿಗಳನ್ನು ಪರೀಕ್ಷಿಸಿ, ಅವುಗಳ ಮೂತ್ರಪಿಂಡ ಕೆಟ್ಟಿರುವುದಕ್ಕೂ ದೇಹದಲ್ಲಿ ಡೈಕ್ಲೋಫೆನಾಕ್ ಇರುವುದಕ್ಕೂ ನೇರ ಸಂಬಂಧ ಇರುವುದನ್ನು ತೋರಿಸಿದರು. ಈ ಅಧ್ಯಯನ 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ದನಕ್ಕೆ ಕೊಟ್ಟ ಔಷಧಿ ಹಕ್ಕಿಯನ್ನು ಕೊಲ್ಲುವುದು ಹೇಗೆ?

ಡೈಕ್ಲೋಫೆನಾಕ್ ನೋವು, ಊತ, ಜ್ವರಕ್ಕೆ ಕೊಡುವ ಔಷಧಿ. ದನಕ್ಕೆ ಕೊಟ್ಟರೆ ದನಕ್ಕೆ ಆರಾಮವೇ ಆಗುತ್ತದೆ. ಆದರೆ ಕೊಟ್ಟ ಕೆಲವೇ ದಿನಗಳಲ್ಲಿ ದನ ಬೇರೆ ಕಾರಣಕ್ಕೆ ಸತ್ತರೆ, ಔಷಧಿ ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ರಕ್ತದಲ್ಲಿ ಯೂರಿಕ್ ಆಮ್ಲ ಏರುತ್ತದೆ. ಆಮೇಲೆ ಅದು ಬಿಳಿ ಹಿಟ್ಟಿನಂತೆ ಯಕೃತ್ತು, ಹೃದಯ, ಮೂತ್ರಪಿಂಡಗಳ ಮೇಲೆ ಕೂರುತ್ತದೆ. ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ.

“ಎಲ್ಲ ದನಗಳಿಗೂ ಔಷಧಿ ಕೊಟ್ಟಿರುವುದಿಲ್ಲವಲ್ಲ, ಶೇ. 99ರಷ್ಟು ಹಕ್ಕಿ ಸಾಯುವುದು ಹೇಗೆ?” ಇದು ಒಳ್ಳೆಯ ಪ್ರಶ್ನೆ. ರಣಹದ್ದು ಒಂಟಿಯಾಗಿ ಉಣ್ಣುವ ಹಕ್ಕಿ ಅಲ್ಲ. ಒಂದು ಇಳಿದದ್ದನ್ನು ಕಂಡು ಇನ್ನೊಂದು, ಅದನ್ನು ಕಂಡು ಮತ್ತೊಂದು ಹೀಗೆ ಹತ್ತಾರು ಹಕ್ಕಿಗಳು ಒಂದೇ ಹೆಣದ ಮೇಲೆ ಎರಗುತ್ತವೆ. ಒಂದು ಹೆಣದಲ್ಲಿ ಔಷಧಿ ಇದ್ದರೆ ಇಡೀ ಹಿಂಡಿಗೆ ಕುತ್ತು. ನೂರು ಹೆಣಗಳಲ್ಲಿ ಒಂದಕ್ಕಿಂತಲೂ ಕಡಿಮೆ ಹೆಣದಲ್ಲಿ ಡೈಕ್ಲೋಫೆನಾಕ್ ಇದ್ದರೂ ಇಷ್ಟು ವೇಗದ ಕುಸಿತಕ್ಕೆ ಅದು ಸಾಕು ಎಂದು ಲೆಕ್ಕಾಚಾರಗಳು ತೋರಿಸಿವೆ.

ಹುಟ್ಟು ಸಾವಿನ ಲೆಕ್ಕವೂ ಹಕ್ಕಿಗೆ ಅನುಕೂಲವಾಗಿಲ್ಲ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ದೊಡ್ಡದಾಗಿ ತಾನೂ ಗೂಡು ಕಟ್ಟಲು ಸುಮಾರು 5 ವರ್ಷ ಬೇಕು. ಸಾವು ವಾರದಲ್ಲಿ, ಹುಟ್ಟು ವರ್ಷಕ್ಕೊಂದು. ಇದು ಸರಿಹೊಂದುವ ಲೆಕ್ಕವಲ್ಲ.

“ಹಾಗಾದರೆ ನಾವು ನುಂಗುವ ಡೈಕ್ಲೋಫೆನಾಕ್ ಮಾತ್ರೆಯೂ ವಿಷವೇ?” ಎಂಬ ಫಾರ್ವರ್ಡ್ ಹೊರಡುವ ಮೊದಲೇ ಹೇಳಿಬಿಡೋಣ: ಇದು ರಣಹದ್ದಿನ ದೇಹಕ್ಕೆ ಸಂಬಂಧಿಸಿದ ವಿಷಯ. ಮನುಷ್ಯರಿಗೆ ಈ ಔಷಧಿ ನಿಷೇಧವಾಗಿಲ್ಲ. ವೈದ್ಯರು ಬರೆದುಕೊಟ್ಟಿದ್ದರೆ ಈ ಬರಹ ಓದಿ ನಿಲ್ಲಿಸಬೇಡಿ. ನೋವಿನ ಯಾವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ದಿನಗಟ್ಟಲೆ ನುಂಗಬೇಡಿ, ಅಷ್ಟೆ.

ರಣಹದ್ದು ಹೋದರೆ ನಮಗೇನು?

ರಣಹದ್ದಿನ ಹೊಟ್ಟೆಯ ಆಮ್ಲ ಬಹಳ ಪ್ರಬಲ. ಕೊಳೆತ ಮಾಂಸದಲ್ಲಿರುವ ಎಷ್ಟೋ ರೋಗಾಣುಗಳು ಅಲ್ಲೇ ಸಾಯುತ್ತವೆ. “ಹೆಣ ತಿನ್ನುವ ಹಕ್ಕಿ ರೋಗ ಹರಡುತ್ತದೆ” ಎಂಬ ಮಾತಿಗೆ ಇದೇ ಉತ್ತರ. ರೋಗ ಹರಡುವ ಹೆಣವನ್ನು ಅದು ಬೇಗ ಇಲ್ಲವಾಗಿಸುತ್ತದೆ. ದೊಡ್ಡ ಹಿಂಡು ಒಂದು ದನದ ಹೆಣವನ್ನು ಒಂದು ಗಂಟೆಯೊಳಗೆ ಮುಗಿಸಬಲ್ಲದು.

ಹಿಂಡು ಇಲ್ಲವಾದಾಗ ಹೆಣ ದಿನಗಟ್ಟಲೆ ಕೊಳೆಯಿತು. ಆ ಜಾಗಕ್ಕೆ ನಾಯಿ, ಇಲಿಗಳು ಬಂದವು. ನಾಯಿಯಿಂದ ರೋಗ ಮನುಷ್ಯನಿಗೆ ಬರುತ್ತದೆ. ನಾಯಿಗಳು ಹೆಚ್ಚಿದ್ದರಿಂದ 1992ರಿಂದ 2006ರ ನಡುವೆ ರೇಬೀಸ್‌ನಿಂದ 47 ಸಾವಿರಕ್ಕೂ ಹೆಚ್ಚು ಜನ ಹೆಚ್ಚುವರಿಯಾಗಿ ಸತ್ತಿರಬಹುದು ಎಂದು 2008ರ ಅಧ್ಯಯನವೊಂದು ಅಂದಾಜು ಮಾಡಿತು.

ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಅವರ ಅಧ್ಯಯನ 2024ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಬಂತು. ರಣಹದ್ದುಗಳಿಗೆ ಹೇಳಿಮಾಡಿಸಿದಂತಿದ್ದ ಜಿಲ್ಲೆಗಳನ್ನೂ, ಮೊದಲಿನಿಂದಲೂ ಅವು ಅಷ್ಟಾಗಿ ಇಲ್ಲದಿದ್ದ ಜಿಲ್ಲೆಗಳನ್ನೂ ಅವರು ಹೋಲಿಸಿದರು. ಹಕ್ಕಿಗಳು ಕುಸಿದ ಮೇಲೆ ಮೊದಲ ಗುಂಪಿನ ಜಿಲ್ಲೆಗಳಲ್ಲಿ ಮನುಷ್ಯರ ಸಾವಿನ ಪ್ರಮಾಣ ಶೇ. 4ಕ್ಕಿಂತ ಹೆಚ್ಚು ಏರಿತ್ತು. 2000ದಿಂದ 2005ರವರೆಗೆ ಸುಮಾರು 5 ಲಕ್ಷ ಹೆಚ್ಚುವರಿ ಸಾವು ಎಂಬುದು ಅವರ ಅಂದಾಜು. ನೆನಪಿಡಿ, ಇದು ಅಂಕಿಅಂಶಗಳ ಹೋಲಿಕೆಯಿಂದ ಬಂದ ಅಂದಾಜು, ಒಬ್ಬೊಬ್ಬರ ಸಾವನ್ನು ಎಣಿಸಿದ ಲೆಕ್ಕವಲ್ಲ. ಹಾಗೆಂದು ಹಗುರವಾಗಿ ತೆಗೆದುಕೊಳ್ಳುವ ಸಂಖ್ಯೆಯೂ ಅಲ್ಲ.

ನಿಷೇಧ ಆಗಿದೆಯಲ್ಲ, ಇನ್ನೇನು ಸಮಸ್ಯೆ?

2006ರಲ್ಲಿ ಭಾರತ ಜಾನುವಾರುಗಳಿಗೆ ಡೈಕ್ಲೋಫೆನಾಕ್ ಬಳಸುವುದನ್ನು ನಿಷೇಧಿಸಿತು. ನೇಪಾಳ, ಪಾಕಿಸ್ತಾನವೂ ಅದೇ ದಾರಿ ಹಿಡಿದವು. ಆದರೆ ಮನುಷ್ಯರಿಗೆಂದು ಮಾರುತ್ತಿದ್ದ ದೊಡ್ಡ ಬಾಟಲಿಯ ಇಂಜೆಕ್ಷನ್ ಕಳ್ಳದಾರಿಯಲ್ಲಿ ಹಟ್ಟಿಗೆ ಬರುತ್ತಲೇ ಇತ್ತು. ಮನುಷ್ಯನಿಗೆ 3 ಮಿಲಿಲೀಟರ್ ಸಾಕು, ದನಕ್ಕೆ ಹೆಚ್ಚು ಬೇಕು. ಅದಕ್ಕೇ 2015ರಲ್ಲಿ ಮನುಷ್ಯರ ಇಂಜೆಕ್ಷನ್ 3 ಮಿಲಿಲೀಟರಿನ, ಒಂದೇ ಸಲ ಬಳಸುವ ಪ್ಯಾಕಿನಲ್ಲಷ್ಟೇ ಬರಬೇಕು ಎಂಬ ನಿಯಮ ಬಂತು.

ಆಮೇಲೆ ಇನ್ನೊಂದು ಸಮಸ್ಯೆ ಎದುರಾಯಿತು. ಡೈಕ್ಲೋಫೆನಾಕ್ ಬದಲಿಗೆ ಬಂದ ಕೆಲವು ಔಷಧಿಗಳೂ ರಣಹದ್ದಿಗೆ ವಿಷವೇ ಆಗಿದ್ದವು. ಅಸಿಕ್ಲೋಫೆನಾಕ್ ದನದ ದೇಹದೊಳಗೆ ಹೋದ ಮೇಲೆ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಹೀಗಾಗಿ 2023ರ ಜುಲೈ 31ರಂದು ಕೇಂದ್ರ ಸರ್ಕಾರ ಜಾನುವಾರುಗಳಿಗೆ ಅಸಿಕ್ಲೋಫೆನಾಕ್ ಮತ್ತು ಕೀಟೊಪ್ರೊಫೆನ್ ಬಳಕೆಯನ್ನೂ ನಿಷೇಧಿಸಿತು. ಬಳಿಕ ನಿಮೆಸುಲೈಡ್ ಕೂಡ ಆ ಪಟ್ಟಿಗೆ ಸೇರಿತು.

ಸುರಕ್ಷಿತ ಔಷಧಿ ಇಲ್ಲವೇ ಎಂದರೆ, ಇದೆ. ಮೆಲಾಕ್ಸಿಕಾಮ್ ಮತ್ತು ಟಾಲ್ಫೆನಮಿಕ್ ಆಮ್ಲ ರಣಹದ್ದುಗಳಿಗೆ ತೊಂದರೆ ಮಾಡುವುದಿಲ್ಲ ಎಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ದನದ ನೋವು, ಜ್ವರಕ್ಕೆ ಇವೂ ಕೆಲಸ ಮಾಡುತ್ತವೆ. ರಣಹದ್ದನ್ನು ಉಳಿಸಲು ದನವನ್ನು ನರಳಲು ಬಿಡಿ ಎಂದು ಯಾರೂ ಹೇಳುತ್ತಿಲ್ಲ.

ಸಾಕಿ, ಬೆಳೆಸಿ, ಮತ್ತೆ ಕಾಡಿಗೆ: ಇದು ನಡೆಯುವುದು ಹೇಗೆ?

ಕಾಡಿನಲ್ಲಿ ಉಳಿದ ಹಕ್ಕಿಗಳೂ ಸತ್ತರೆ ಆ ಜಾತಿಯೇ ಮುಗಿಯಿತು. ಅದಕ್ಕೇ ಒಂದಿಷ್ಟು ಹಕ್ಕಿಗಳನ್ನು ಸುರಕ್ಷಿತ ಜಾಗದಲ್ಲಿಟ್ಟು ಮರಿ ಮಾಡಿಸುವ ಯೋಜನೆ ಶುರುವಾಯಿತು. ಹರಿಯಾಣ ಅರಣ್ಯ ಇಲಾಖೆ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸೇರಿ ನಡೆಸುವ ಪಿಂಜೋರ್ ಕೇಂದ್ರ 2001ರಲ್ಲಿ ರಣಹದ್ದು ಆರೈಕೆ ಕೇಂದ್ರವಾಗಿ ಆರಂಭವಾಯಿತು. ಆಮೇಲೆ ಪಶ್ಚಿಮ ಬಂಗಾಳದ ರಾಜಾಭಾತ್‌ಖಾವಾ, ಅಸ್ಸಾಮಿನ ರಾಣಿ, ಮಧ್ಯಪ್ರದೇಶದ ಭೋಪಾಲ್‌ನಲ್ಲೂ ಕೇಂದ್ರಗಳಾದವು.

ಕೆಲಸದ ಹಂತಗಳು ಹೀಗಿವೆ:

1. ಜೋಡಿ ಕೂಡಿಸುವುದು. ದೊಡ್ಡ ಪಂಜರದಲ್ಲಿ ಹಕ್ಕಿಗಳು ತಾವೇ ಜೋಡಿಯಾಗುತ್ತವೆ. ಕೊಡುವ ಮಾಂಸಕ್ಕೂ ಎಚ್ಚರಿಕೆ ಬೇಕು. ತಂದ ಆಡುಗಳನ್ನು ಕೆಲವು ದಿನ ಇಟ್ಟುಕೊಂಡು, ಔಷಧಿ ಏನಾದರೂ ಇದ್ದರೆ ದೇಹದಿಂದ ಹೋದ ಮೇಲಷ್ಟೇ ಬಳಸುತ್ತಾರೆ.

2. ಎರಡನೇ ಮೊಟ್ಟೆ. ಮೊದಲ ಮೊಟ್ಟೆಯನ್ನು ತೆಗೆದು ಕಾವುಪೆಟ್ಟಿಗೆಯಲ್ಲಿಟ್ಟರೆ, ಕೆಲವು ಜೋಡಿಗಳು ಅದೇ ಋತುವಿನಲ್ಲಿ ಇನ್ನೊಂದು ಮೊಟ್ಟೆ ಇಡುತ್ತವೆ. ವರ್ಷಕ್ಕೆ ಒಂದಿದ್ದ ಮರಿ ಹೀಗೆ ಎರಡಾಗಬಹುದು.

3. ಹೊರಗಿನ ಪರಿಚಯ. ಬಿಡುಗಡೆಯ ಮೊದಲು ಹಕ್ಕಿಗಳನ್ನು ಕಾಡಿನ ನಡುವಿನ ದೊಡ್ಡ ಪಂಜರದಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಅಲ್ಲಿಂದ ಸುತ್ತಲಿನ ಜಾಗ, ಹವೆ, ಬೇರೆ ಹಕ್ಕಿಗಳು ಅವುಗಳಿಗೆ ಕಾಣುತ್ತಿರುತ್ತವೆ.

4. ಬಿಡುಗಡೆ ಮತ್ತು ಹಿಂಬಾಲಿಸುವುದು. ಜಿಪಿಎಸ್ ಕಟ್ಟಿ ಬಾಗಿಲು ತೆರೆಯುತ್ತಾರೆ. ಆಮೇಲೆ ಪ್ರತಿದಿನ ಗಮನಿಸುತ್ತಾರೆ.

ಪಿಂಜೋರಿನಲ್ಲಿ 2016ರ ಜೂನ್‌ನಲ್ಲಿ ಮೊದಲ ಪ್ರಯೋಗವಾಗಿ ಹಿಮಾಲಯದ ರಣಹದ್ದುಗಳನ್ನು ಬಿಟ್ಟರು. 2020ರಲ್ಲಿ ಅಲ್ಲಿಂದಲೇ ಬಿಳಿ ಬೆನ್ನಿನ ರಣಹದ್ದುಗಳು ಹೊರಬಂದವು. 2024ರ ಜನವರಿಯಲ್ಲಿ ಪಿಂಜೋರಿನಿಂದ ಮಹಾರಾಷ್ಟ್ರದ ತಾಡೋಬಾ ಮತ್ತು ಪೆಂಚ್‌ಗೆ ಹಕ್ಕಿಗಳನ್ನು ಸಾಗಿಸಿ, ಅದೇ ವರ್ಷ ಬಿಡುಗಡೆ ಮಾಡಲಾಯಿತು. ಕಾರವಾರದ ಸುದ್ದಿಯ ಹಿಂದಿರುವ ಕತೆ ಇದು.

ಬಿಟ್ಟ ಹಕ್ಕಿಗಳೆಲ್ಲ ಬದುಕುತ್ತವೆಯೇ? ಇಲ್ಲ. ತಾಡೋಬಾದಲ್ಲೂ ಕೆಲವು ಸತ್ತವು. ಪಂಜರದಲ್ಲಿ ಹುಟ್ಟಿದ ಹಕ್ಕಿಗೆ ಆಹಾರ ಹುಡುಕುವುದು, ತಂತಿ ತಪ್ಪಿಸುವುದು ಎಲ್ಲವೂ ಹೊಸತು. ಮೇಲಾಗಿ, ಸಾಯಿಸಿದ ಔಷಧಿ ಅಂಗಡಿಯಲ್ಲಿ ಇನ್ನೂ ಸಿಗುತ್ತಿದ್ದರೆ, ಎಷ್ಟು ಮರಿ ಮಾಡಿಸಿ ಬಿಟ್ಟರೂ ಒಡೆದ ಕೊಡಕ್ಕೆ ನೀರು ಸುರಿದಂತೆ.

ಕರ್ನಾಟಕದ ಸ್ಥಿತಿ ಹೇಗಿದೆ?

ದೇಶದ ಮೊದಲ ರಣಹದ್ದು ವನ್ಯಜೀವಿಧಾಮ ಇರುವುದು ನಮ್ಮ ರಾಜ್ಯದಲ್ಲೇ. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ಹೀಗೆ ಘೋಷಿಸಲಾಯಿತು. ಸುಮಾರು 346 ಹೆಕ್ಟೇರ್ ಜಾಗ. ‘ಶೋಲೆ’ ಸಿನಿಮಾ ಚಿತ್ರೀಕರಣವಾದ ಅದೇ ಬಂಡೆಗಳ ಸೀಮೆ. ಅಲ್ಲಿನ ಕಡಿದಾದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. ಆದರೆ ಅಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯಷ್ಟು ಹಕ್ಕಿಗಳು. ಬೆಟ್ಟಕ್ಕೆ ಬೇಲಿ ಹಾಕಬಹುದು, ಆಕಾಶಕ್ಕೆ ಹಾಕಲಾಗದು. ಹಕ್ಕಿ ಉಣ್ಣಲು ಬೇಲಿಯ ಹೊರಗೇ ಹೋಗಬೇಕು.

ಇದಕ್ಕಿಂತ ಹೆಚ್ಚು ಆಶಾದಾಯಕ ಜಾಗ ಬಂಡೀಪುರ, ನಾಗರಹೊಳೆ, ಮದುಮಲೈ, ಸತ್ಯಮಂಗಲ, ವಯನಾಡು ಸೇರಿದ ನೀಲಗಿರಿ ಸುತ್ತಲಿನ ಕಾಡು. ಅಲ್ಲಿ ಹುಲಿ, ಚಿರತೆ ಕೊಂದ ಕಾಡುಪ್ರಾಣಿಗಳ ಮಾಂಸ ಸಿಗುತ್ತದೆ, ಅದರಲ್ಲಿ ಔಷಧಿ ಇರುವುದಿಲ್ಲ. ಕರ್ನಾಟಕ, ತಮಿಳುನಾಡು, ಕೇರಳ ಒಟ್ಟಾಗಿ 2023ರ ಫೆಬ್ರವರಿಯಲ್ಲಿ ಎಣಿಸಿದಾಗ 246 ರಣಹದ್ದುಗಳ ಅಂದಾಜು ಸಿಕ್ಕಿತು. ಅದೇ ವರ್ಷದ ಕೊನೆಯ ಎಣಿಕೆಯಲ್ಲಿ ಅದು 320. ಒಂದು ಜೋಡಿಗೆ ವರ್ಷಕ್ಕೆ ಒಂದೇ ಮರಿ ಎಂಬುದನ್ನು ನೆನೆದರೆ, ಈ ಏರಿಕೆ ಪೂರ್ತಿ ಹೊಸ ಮರಿಗಳದ್ದಲ್ಲ, ಎಣಿಕೆ ಉತ್ತಮವಾದದ್ದೂ ಕಾರಣ ಇರಬೇಕು ಎಂದು ತಿಳಿಯುತ್ತದೆ.

ಕೇಂದ್ರ ಸರ್ಕಾರದ 2020–25ರ ರಣಹದ್ದು ಸಂರಕ್ಷಣಾ ಯೋಜನೆಯಲ್ಲಿ ಹೊಸ ಸಂತಾನೋತ್ಪತ್ತಿ ಕೇಂದ್ರಗಳಿಗೆ ಹೆಸರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ.

ಉಡುಪಿಯಲ್ಲಿ ಬಿಡಬಹುದೇ?

ಬಿಡುವ ಜಾಗದ ಸುತ್ತ 100 ಕಿಲೋಮೀಟರ್ ವರೆಗೆ ವಿಷಕಾರಿ ಔಷಧಿ ಬಳಕೆಯಲ್ಲಿ ಇರಬಾರದು ಎಂಬುದು ‘ರಣಹದ್ದು ಸುರಕ್ಷಿತ ವಲಯ’ದ ಮೂಲ ನಿಯಮ. ಮ್ಯಾಪ್ ತೆರೆದು ಅಲೆವೂರನ್ನು ನಡುವೆ ಇಟ್ಟು 100 ಕಿಲೋಮೀಟರಿನ ವೃತ್ತ ಎಳೆಯಿರಿ. ಪಡುವಣಕ್ಕೆ ಸಮುದ್ರ. ಬಡಗಿಗೆ ಭಟ್ಕಳ, ಮೂಡಣಕ್ಕೆ ಶೃಂಗೇರಿ, ತೀರ್ಥಹಳ್ಳಿ, ತೆಂಕಿಗೆ ಮಂಗಳೂರು ದಾಟಿ ಕೇರಳದ ಕಾಸರಗೋಡು ಎಲ್ಲವೂ ವೃತ್ತದೊಳಗೆ ಬರುತ್ತವೆ. ಎರಡು ರಾಜ್ಯ, ಹಲವು ಜಿಲ್ಲೆ, ಲೆಕ್ಕವಿಲ್ಲದಷ್ಟು ಹಟ್ಟಿಗಳು. ಇಷ್ಟೂ ಕಡೆ ಔಷಧಿ ಅಂಗಡಿಯಲ್ಲಿ ಆ ಬಾಟಲಿ ಸಿಗಬಾರದು.

ಇದಲ್ಲದೆ ಗೂಡಿಗೆ ದೊಡ್ಡ ಮರಗಳು ಬೇಕು, ಆಹಾರ ಬೇಕು. ಸತ್ತ ದನವನ್ನು ಹೂಳುವುದು ನಮ್ಮಲ್ಲಿ ಸಾಮಾನ್ಯ, ಪೇಟೆಯ ಹತ್ತಿರ ಅದೇ ಸರಿ ಕೂಡ. ಹಾಗಾಗಿ ಕರಾವಳಿಯಲ್ಲಿ ನಾಳೆಯೇ ರಣಹದ್ದು ಬಿಡುವ ಮಾತು ಬೇಡ. ಆದರೆ ದಾರಿ ತಪ್ಪಿಯೋ, ಹೊಸ ಜಾಗ ಹುಡುಕಿಯೋ ಹಕ್ಕಿ ತಾನಾಗಿ ಬರಬಹುದು. ಕಾರವಾರ ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 175 ಕಿಲೋಮೀಟರ್, ರಣಹದ್ದಿಗೆ ಒಂದೆರಡು ದಿನದ ದಾರಿ. ಅದು ಬಂದ ದಿನ ನಮ್ಮೂರಲ್ಲಿ ಅದಕ್ಕೆ ಕಲ್ಲು ಬೀಳುತ್ತದೋ, ಸಹಾಯ ಸಿಗುತ್ತದೋ ಎಂಬುದು ಇಂದು ನಾವು ಏನನ್ನು ಫಾರ್ವರ್ಡ್ ಮಾಡುತ್ತೇವೆ ಎಂಬುದರ ಮೇಲೂ ನಿಂತಿದೆ.

ನಾವೇನು ಮಾಡಬಹುದು?

ಹಟ್ಟಿ ಇರುವವರು:
• ದನಕ್ಕೆ ಜ್ವರ, ಕೆಚ್ಚಲು ಊತ, ನೋವು ಇದ್ದರೆ ಅಂಗಡಿಯಿಂದ ಇಂಜೆಕ್ಷನ್ ತಂದು ಚುಚ್ಚಬೇಡಿ. ಪಶುವೈದ್ಯರನ್ನು ಕರೆಯಿರಿ. ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962.
• “ಮೆಲಾಕ್ಸಿಕಾಮ್ ಕೊಡಬಹುದೇ ಡಾಕ್ಟ್ರೇ?” ಎಂದು ಕೇಳಿ. ಯಾವುದು, ಎಷ್ಟು ಎಂಬುದನ್ನು ಅವರೇ ತೀರ್ಮಾನಿಸಲಿ.
• ಔಷಧಿ ಕೊಟ್ಟ ಕೆಲವೇ ದಿನಗಳಲ್ಲಿ ದನ ಸತ್ತರೆ ಆಳವಾಗಿ ಹೂಳಿ. ಗುಡ್ಡೆಗೋ ತೋಡಿಗೋ ಎಸೆಯಬೇಡಿ.
• ಚಿರತೆ, ನಾಯಿ ಕಾಟಕ್ಕೆಂದು ಹೆಣಕ್ಕೆ ವಿಷ ಹಾಕಬೇಡಿ. ಅದು ಅಪರಾಧ. ಹಿಂಡುಗಟ್ಟಲೆ ರಣಹದ್ದು ಸಾಯುವ ಇನ್ನೊಂದು ದಾರಿಯೂ ಅದೇ.

ಹಕ್ಕಿ ಕಂಡವರು:
• ಯಂತ್ರ, ಪಟ್ಟಿ, ಸಂಖ್ಯೆ ಇರುವ ಹಕ್ಕಿಯಾದರೆ ದೂರದಿಂದ ಫೋಟೊ ತೆಗೆದು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಪಟ್ಟಿಯ ಮೇಲಿನ ಅಕ್ಷರ, ಅಂಕಿ ಕಂಡರೆ ಬರೆದಿಟ್ಟುಕೊಳ್ಳಿ.
• ಹಿಡಿಯುವುದು, ಕಟ್ಟಿಹಾಕುವುದು, ಯಂತ್ರ ಬಿಚ್ಚುವುದು ಮಾಡಬೇಡಿ. ರಣಹದ್ದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ.
• ನೆಲದ ಮೇಲೆ ಕೂತು ಹಾರದಿದ್ದರೆ ಅದು ಹಸಿವಿನಿಂದಲೋ ಸುಸ್ತಿನಿಂದಲೋ ಬಳಲಿರಬಹುದು. ಜನ, ನಾಯಿ ಹತ್ತಿರ ಹೋಗದಂತೆ ನೋಡಿಕೊಂಡು ಸಿಬ್ಬಂದಿ ಬರುವವರೆಗೆ ಕಾಯಿರಿ.

ಫಾರ್ವರ್ಡ್ ಬಂದವರು:
• ಎಲ್ಲಿ, ಯಾವಾಗ, ಯಾರು ಹೇಳಿದ್ದು ಎಂಬ ಮೂರು ಪ್ರಶ್ನೆ ಕೇಳಿ. ಮೂರಕ್ಕೂ ಉತ್ತರ ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ.
• “ಗೂಢಚಾರಿ ಹಕ್ಕಿ” ಎಂದು ಕಳಿಸಿದವರಿಗೆ ಬೈಯಬೇಡಿ. ಇಷ್ಟು ಹೇಳಿ ಸಾಕು: “ಅದು ಸಂಶೋಧನೆಗೆ ಬಿಟ್ಟ ರಣಹದ್ದು ಇರಬಹುದು ಮಾರಾಯ್ರೇ. 1926ಕ್ಕೆ ಹೇಳಿದರೆ ಅವರೇ ನೋಡಿಕೊಳ್ಳುತ್ತಾರೆ.”

ಈ ಬರಹವನ್ನು ಗ್ರೂಪಿಗೆ ಕಳಿಸುವುದಾದರೆ, ದನ ಸಾಕುವ ಒಬ್ಬರಿಗಾದರೂ ಬೇರೆಯಾಗಿ ಕಳಿಸಿ. ಕಾಡಿಗೆ ಬಿಟ್ಟ ರಣಹದ್ದು ಬದುಕಬೇಕಾದರೆ ಹಟ್ಟಿಗೆ ಬರುವ ಆ ಬಾಟಲಿ ನಿಲ್ಲಬೇಕು.